ಹದಿಮೂರು–ಹದಿನಾಲ್ಕರ ಮಕ್ಕಳು ‘ಆಫ್ ಮೈಸ್ ಅಂಡ್ ಮೆನ್’ ಕಾದಂಬರಿಯನ್ನು ಹೇಗೆ ಸ್ವೀಕರಿಸುತ್ತಾರೆ?

ಇಂಗ್ಲೆಂಡಿನ ಶಾಲೆಯೊಂದರಲ್ಲಿ ಒಂಬತ್ತನೆಯ ವರ್ಷದಲ್ಲಿರುವ ನಿಮ್ಮ ಮಗಳಿಗೆ ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ ಪಠ್ಯವಾಗಿದೆ ಎಂದೂ, ಮೊದಲು ನೀವೇ ಓದಿ ನೋಡಿದಾಗ ಅದರ ಕೊನೆ ನಿಮ್ಮನ್ನು ಕಂಗೆಡಿಸಿತು ಎಂದೂ, ಈ ವಯಸ್ಸಿನವರು ಇಷ್ಟು ಭಾರವಾದ ಕಥೆಯನ್ನು ಹೇಗೆ ತಾಳಿಕೊಳ್ಳುತ್ತಾರೆ ಎಂದೂ ಕೇಳಿದ್ದೀರಿ. ಇಲ್ಲಿಯ ಸೆಕೆಂಡರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ ಈ ಕಾದಂಬರಿಯನ್ನು ಹಲವು ತರಗತಿಗಳೊಂದಿಗೆ ಓದಿರುವವಳಾಗಿ ಉತ್ತರಿಸುತ್ತಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಕೊನೆಯ ಅಧ್ಯಾಯದ ಬಗ್ಗೆ ನೀವು ಅಷ್ಟು ಚಿಂತಿಸಬೇಕಾಗಿಲ್ಲ. ನಾಲ್ಕನೆಯ ಅಧ್ಯಾಯದ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಬೇಕು.

ಪುಸ್ತಕವನ್ನು ಓದಿರದ ಇತರರಿಗಾಗಿ ಕಥೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. 1937ರಲ್ಲಿ ಪ್ರಕಟವಾದ, ಆರೇ ಅಧ್ಯಾಯಗಳ ಈ ಕಿರುಕಾದಂಬರಿ ಮಹಾ ಆರ್ಥಿಕ ಕುಸಿತದ ಕಾಲದ ಕ್ಯಾಲಿಫೋರ್ನಿಯಾದಲ್ಲಿ, ಸ್ಟೈನ್‌ಬೆಕ್ ಹುಟ್ಟಿ ಬೆಳೆದ ಸಲಿನಾಸ್ ಕಣಿವೆಯಲ್ಲಿ, ಸೊಲೆಡಾಡ್ ಎಂಬ ಊರಿನ ಬಳಿಯ ಒಂದು ದೊಡ್ಡ ಹೊಲಮನೆಯಲ್ಲಿ ನಡೆಯುತ್ತದೆ. ಜಾರ್ಜ್ ಮತ್ತು ಲೆನ್ನಿ ಎಂಬ ಇಬ್ಬರು ಕೂಲಿಯಾಳುಗಳು ಅಲ್ಲಿಗೆ ಕೆಲಸಕ್ಕೆ ಬರುತ್ತಾರೆ. ಲೆನ್ನಿಯದು ದೈತ್ಯ ದೇಹ, ಮಗುವಿನ ಬುದ್ಧಿ. ಮೃದುವಾದುದನ್ನೆಲ್ಲ ನೇವರಿಸಬೇಕೆಂಬ ಆಸೆ, ಆದರೆ ತನ್ನ ಕೈಗಳ ಬಲವೆಷ್ಟೆಂಬ ಅರಿವಿಲ್ಲ. ಜಾರ್ಜ್ ಅವನನ್ನು ಬೈಯುತ್ತಲೇ ಕಾಯುತ್ತಾನೆ. ಸ್ವಂತದ್ದೊಂದು ತುಂಡು ಭೂಮಿ, ಅದರಲ್ಲಿ ಲೆನ್ನಿ ಸಾಕುವ ಮೊಲಗಳು, ಇದು ಅವರ ಕನಸು. ಗುರುವಾರ ಸಂಜೆ ಆರಂಭವಾದ ಕಥೆ ಭಾನುವಾರ ಸಂಜೆಗೆ ಮುಗಿದುಹೋಗುತ್ತದೆ: ಯಜಮಾನನ ಮಗ ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲಿ ಅವನಿಗೇ ತಿಳಿಯದಂತೆ ಸಾಯುತ್ತಾಳೆ, ಬೆನ್ನಟ್ಟಿ ಬರುವ ಗುಂಪಿನ ಕೈಗೆ ಸಿಗುವ ಮುನ್ನ ಜಾರ್ಜ್ ತಾನೇ ಲೆನ್ನಿಯನ್ನು ಗುಂಡಿಟ್ಟು ಕೊಲ್ಲುತ್ತಾನೆ.

ಈ ಕಥೆಗೆ ಮಕ್ಕಳ ಮೊದಲ ಪ್ರತಿಕ್ರಿಯೆ ನಗು. ಇದನ್ನು ಮುಂಚಿತವಾಗಿಯೇ ಹೇಳುತ್ತಿದ್ದೇನೆ, ಏಕೆಂದರೆ ನಿಮ್ಮ ಮಗಳು ಮನೆಗೆ ಬಂದು ತರಗತಿಯಲ್ಲಿ ಎಲ್ಲರೂ ಲೆನ್ನಿಯನ್ನು ಅಣಕಿಸುತ್ತಿದ್ದಾರೆ ಎಂದು ಹೇಳುವ ಸಾಧ್ಯತೆ ಇದೆ. ಅವನು ಜೇಬಿನಲ್ಲಿ ಸತ್ತ ಇಲಿಯನ್ನು ಇಟ್ಟುಕೊಂಡಿರುವುದು, ಹುರುಳಿಕಾಯಿ ಬೀಜಕ್ಕೆ ಕೆಚಪ್ ಬೇಕೆಂದು ಹಟ ಹಿಡಿಯುವುದು, ಹೇಳಿದ್ದನ್ನು ಮರುಕ್ಷಣವೇ ಮರೆಯುವುದು ಇವೆಲ್ಲ ಹದಿಮೂರರ ವಯಸ್ಸಿಗೆ ಹಾಸ್ಯವಾಗಿ ಕಾಣುತ್ತವೆ. ಸ್ಟೈನ್‌ಬೆಕ್ ಕೂಡ ಅಲ್ಲಿ ನಗುವಿಗೆ ಎಡೆ ಇಟ್ಟೇ ಬರೆದಿದ್ದಾನೆ. ಮೂರನೆಯ ಅಧ್ಯಾಯದಲ್ಲಿ ತನಗೆ ಹೊಡೆಯುತ್ತಿರುವ ಕರ್ಲಿಯ ಮುಷ್ಟಿಯನ್ನು, ಜಾರ್ಜ್ ಹೇಳಿದ ಮೇಲಷ್ಟೇ, ಲೆನ್ನಿ ಹಿಡಿದು ಪುಡಿಮಾಡುವಾಗ ತರಗತಿ ಮೊದಲು ಚಪ್ಪಾಳೆ ತಟ್ಟುತ್ತದೆ. ಬಿಡು ಎಂದು ಜಾರ್ಜ್ ಕಪಾಳಕ್ಕೆ ಹೊಡೆದರೂ ಹೆದರಿಕೆಯಿಂದಲೇ ಅವನು ಕೈ ಬಿಡಲಾರದೆ ನಿಂತಿದ್ದಾನೆ ಎಂಬುದು ಓದಿಗೆ ಬರುತ್ತಿದ್ದಂತೆ ಚಪ್ಪಾಳೆ ನಿಲ್ಲುತ್ತದೆ. ಅಲ್ಲಿಂದಾಚೆಗೆ ನಗುವವರು ಕಡಿಮೆ. ತಮ್ಮ ಮನೆಯಲ್ಲಿಯೇ ಬುದ್ಧಿಮಾಂದ್ಯ ಇರುವ ಅಣ್ಣನೋ ತಂಗಿಯೋ ಇರುವ ಮಕ್ಕಳು ಮಾತ್ರ ಮೊದಲ ಪುಟದಿಂದಲೇ ನಗುವುದಿಲ್ಲ. ಅವರನ್ನು ಗುರುತಿಸುವುದು ಶಿಕ್ಷಕರ ಕೆಲಸ.

ಲೆನ್ನಿಯಂಥವನು ನಿಜಕ್ಕೂ ಇದ್ದನೇ ಎಂದು ಪ್ರತಿ ತರಗತಿಯಲ್ಲಿಯೂ ಯಾರಾದರೂ ಕೇಳುತ್ತಾರೆ. ಇದ್ದನೆಂದು ಸ್ಟೈನ್‌ಬೆಕ್ 1937ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದ. ತಾನು ಅವನ ಜೊತೆ ಕೂಲಿ ಮಾಡಿದ್ದಾಗಿಯೂ, ಅವನು ಕೊಂದದ್ದು ಹೆಂಗಸನ್ನಲ್ಲ, ಒಬ್ಬ ಮೇಸ್ತ್ರಿಯನ್ನೆಂದೂ, ಆ ಹೊತ್ತಿಗೆ ಅವನು ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ಇದ್ದನೆಂದೂ ಆ ಸಂದರ್ಶನದಲ್ಲಿದೆ.

ಮಕ್ಕಳಿಗೆ ಸುಲಭವಾಗಿ ಹಿಡಿಯದಿರುವುದು ಇಬ್ಬರ ಸ್ನೇಹ ಎಷ್ಟು ಅಪರೂಪದ್ದು ಎಂಬ ಸಂಗತಿ. ಸ್ನೇಹಿತರಿಲ್ಲದ ಬದುಕನ್ನು ಅವರು ಊಹಿಸಲಾರರು. ಯಾದಗಿರಿ, ರಾಯಚೂರಿನ ಕಡೆಯಿಂದ ಗುಳೆ ಹೊರಡುವವರನ್ನು ಕಂಡಿರುವ ನಮಗೆ ಕೆಲಸ ಹುಡುಕಿ ಊರೂರು ಅಲೆಯುವುದು ಹೊಸದಲ್ಲವಾದರೂ, ಅವರು ಹೆಂಡತಿ ಮಕ್ಕಳು, ಪಾತ್ರೆಪಗಡಿಗಳ ಸಮೇತ ಹೊರಡುತ್ತಾರೆ. ಕ್ಯಾಲಿಫೋರ್ನಿಯಾದ ಈ ಕೂಲಿಗಳು ಹೆಗಲ ಮೇಲೊಂದು ಹಾಸಿಗೆ ಸುರುಳಿಯೊಂದಿಗೆ ಒಂಟಿಯಾಗಿ ಬಂದು, ತಿಂಗಳಿಗೆ 50 ಡಾಲರ್ ದುಡಿದು, ಶನಿವಾರ ಪಟ್ಟಣದಲ್ಲಿ ಅದನ್ನು ಕಳೆದು, ಒಂಟಿಯಾಗಿಯೇ ಮುಂದಿನ ಊರಿಗೆ ಹೋಗುವವರು. ಆದ್ದರಿಂದಲೇ ಇಬ್ಬರು ಜೊತೆಯಾಗಿ ತಿರುಗುವುದನ್ನು ಕಂಡ ಯಜಮಾನನಿಗೆ, ಜಾರ್ಜ್ ಈ ಪೆದ್ದನ ಕೂಲಿಯನ್ನು ಲಪಟಾಯಿಸುತ್ತಿರಬೇಕೆಂಬ ಅನುಮಾನ ಬರುತ್ತದೆ. ಈ ಅನುಮಾನದ ಪುಟವನ್ನು ಎರಡು ಸಲ ಓದಿಸಿದರೆ, ಒಂಟಿತನದ ಬಗ್ಗೆ ಮಾಡುವ ಉಪನ್ಯಾಸದ ಅಗತ್ಯ ಬೀಳುವುದಿಲ್ಲ.

ಮಕ್ಕಳು ಈ ಇಬ್ಬರ ಕನಸನ್ನು ನಂಬತೊಡಗುವುದೂ ಲೆಕ್ಕದಿಂದಲೇ. ಮೊದಲ ಅಧ್ಯಾಯದಲ್ಲಿ ಮೊಲ, ಹಸು, ತೋಟ ಎಂದು ಜಾರ್ಜ್ ಹೇಳುವಾಗ ಅದು ಮಲಗುವ ಮುಂಚಿನ ಕಥೆ ಎಂದು ಮಕ್ಕಳು ತಿಳಿದಿರುತ್ತಾರೆ. ಮೂರನೆಯ ಅಧ್ಯಾಯದಲ್ಲಿ ಕ್ಯಾಂಡಿ ಎಂಬ ಮುದುಕ ಮಾತಿಗೆ ಸೇರುತ್ತಾನೆ. ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡದ್ದಕ್ಕೆ ಸಿಕ್ಕ 250 ಡಾಲರ್ ಪರಿಹಾರವೂ ಸೇರಿ ಬ್ಯಾಂಕಿನಲ್ಲಿ 300, ತಿಂಗಳ ಕೊನೆಗೆ ಬರಬೇಕಾದ 50; ಜಾರ್ಜ್ ಮತ್ತು ಲೆನ್ನಿ ಒಂದು ತಿಂಗಳು ಏನನ್ನೂ ಖರ್ಚು ಮಾಡದೆ ದುಡಿದರೆ ಇನ್ನೂ 100; ಜಮೀನಿನ ಬೆಲೆ 600. ಒಟ್ಟು 450 ಆಯಿತು, ಇಷ್ಟಕ್ಕೆ ಒಪ್ಪಿಸಬಹುದು ಎಂದು ಜಾರ್ಜ್ ಹೇಳುವಾಗ ತರಗತಿಯಲ್ಲಿ ಒಬ್ಬರಾದರೂ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಕೂಡಿಸಿ ನೋಡುತ್ತಿರುತ್ತಾರೆ. ಕೊನೆಯಲ್ಲಿ ಅವರಿಗಾಗುವ ಸಂಕಟದ ಅರ್ಧ ಭಾಗ ಈ ಲೆಕ್ಕದಿಂದ ಬಂದದ್ದು. ಆಗದ ಕನಸು ಒಡೆದರೆ ಮಕ್ಕಳು ಅಳುವುದಿಲ್ಲ, ಇನ್ನೇನು ಆಗಿಯೇಬಿಟ್ಟಿತು ಅನ್ನುವಾಗ ಒಡೆದದ್ದಕ್ಕೆ ಅಳುತ್ತಾರೆ.

ಇನ್ನು ಸಾವಿನ ವಿಷಯ. ದೊಡ್ಡವರೆಲ್ಲ ಲೆನ್ನಿಯ ಸಾವಿನ ಬಗ್ಗೆ ಆತಂಕಪಡುತ್ತಾರೆ. ಮಕ್ಕಳು ಸಿಟ್ಟಿಗೇಳುವುದು ಅದಕ್ಕಿಂತ ಬಹಳ ಮುಂಚೆ, ಕ್ಯಾಂಡಿಯ ನಾಯಿಯ ಬಳಿ. ಕಣ್ಣು ಕಾಣದ, ನಾರುವ, ಹಲ್ಲಿಲ್ಲದ ಮುದಿ ನಾಯಿ. ಅದನ್ನು ಕೊಂದುಬಿಡುವುದೇ ಒಳ್ಳೆಯದು ಎಂದು ಕಾರ್ಲ್‌ಸನ್ ಎಂಬ ಆಳು ಪಟ್ಟು ಹಿಡಿಯುತ್ತಾನೆ. ಎಲ್ಲರೂ ಗೌರವಿಸುವ ಸ್ಲಿಮ್ ಕೂಡ ಹೌದೆನ್ನುತ್ತಾನೆ. ಕ್ಯಾಂಡಿ ಒಬ್ಬೊಬ್ಬರ ಮುಖ ನೋಡಿ, ಯಾರೂ ತನ್ನ ಪರವಾಗಿ ಬಾಯಿ ಬಿಡದಿದ್ದಾಗ, ಕರೆದುಕೊಂಡು ಹೋಗು ಎನ್ನುತ್ತಾನೆ. ಆಮೇಲೆ ಗುಂಡಿನ ಸದ್ದಿಗಾಗಿ ಕಾಯುವ ಎರಡು ಪುಟಗಳಿವೆ. ಯಾರೋ ಇಸ್ಪೀಟಿನ ಮಾತೆತ್ತುತ್ತಾರೆ, ನೆಲಹಲಗೆಯ ಕೆಳಗೆ ಏನೋ ಕೆರೆಯುತ್ತದೆ, ಇಲಿಯಿರಬೇಕು ಎಂದು ಜಾರ್ಜ್ ಹೇಳುತ್ತಾನೆ, ಮತ್ತೆ ಮೌನ. ಸದ್ದು ಕೇಳಿದ ಮೇಲೆ ಕ್ಯಾಂಡಿ ಗೋಡೆಯ ಕಡೆಗೆ ಹೊರಳಿ ಮಲಗುತ್ತಾನೆ. ಇದನ್ನು ಜೋರಾಗಿ ಓದಿದ ಯಾವ ತರಗತಿಯೂ ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಯಾರೂ ಏಕೆ ತಡೆಯಲಿಲ್ಲ, ಸ್ಲಿಮ್ ಒಳ್ಳೆಯವನೆಂದು ಹೇಗೆ ಹೇಳುತ್ತೀರಿ, ನಾಯಿಗೆ ನೋವಿತ್ತೆಂದು ಕಾರ್ಲ್‌ಸನ್‌ಗೆ ಯಾರು ಹೇಳಿದರು ಎಂದು ಎದ್ದು ನಿಂತು ಕೇಳುತ್ತಾರೆ. ವರ್ಷವಿಡೀ ಬಾಯಿ ತೆರೆಯದ ಹುಡುಗರು ಕೈ ಎತ್ತುವುದು ಇಲ್ಲಿ.

ಸ್ಟೈನ್‌ಬೆಕ್ ಇಲ್ಲಿ ಎರಡು ಗೂಟಗಳನ್ನು ನೆಟ್ಟಿದ್ದಾನೆ. ಗುಂಡು ತಲೆಯ ಹಿಂಬದಿಗೆ, ನೋವಾಗದಂತೆ, ಎಲ್ಲಿ ತಾಗಬೇಕೆಂದು ಕಾರ್ಲ್‌ಸನ್ ತೋರಿಸುತ್ತಾನೆ. ಬಳಿಕ, ನನ್ನ ನಾಯಿಯನ್ನು ನಾನೇ ಕೊಲ್ಲಬೇಕಿತ್ತು, ಹೊರಗಿನವನಿಗೆ ಬಿಡಬಾರದಿತ್ತು ಎಂದು ಕ್ಯಾಂಡಿ ಜಾರ್ಜ್‌ನೊಡನೆ ಪಿಸುಗುಡುತ್ತಾನೆ. ಕೊನೆಯ ಅಧ್ಯಾಯದಲ್ಲಿ ಅದೇ ಕಾರ್ಲ್‌ಸನ್‌ನ ಲ್ಯೂಗರ್ ಪಿಸ್ತೂಲು ಜಾರ್ಜ್‌ನ ಕೈಯಲ್ಲಿರುತ್ತದೆ, ಅದೇ ಜಾಗಕ್ಕೆ ಗುರಿ. ಇದನ್ನು ಶಿಕ್ಷಕರು ಹೇಳಿಕೊಡುವ ಮುಂಚೆಯೇ ತರಗತಿಯ ಯಾವುದೋ ಮೂಲೆಯಿಂದ ‘ನಾಯಿ!’ ಎಂಬ ಉದ್ಗಾರ ಬರುತ್ತದೆ. ಆ ಕ್ಷಣದಲ್ಲಿ ಮಕ್ಕಳಲ್ಲಿ ದುಃಖಕ್ಕಿಂತ ಹೆಚ್ಚಾಗಿ ಕಾಣುವುದು ತಾವೇ ಕಂಡುಹಿಡಿದ ಸಂತೋಷ. ಅಳುವವರು ಇದ್ದಾರೆ, ಇಲ್ಲವೆಂದಲ್ಲ. ಆದರೆ ನಾಯಿಯ ದೃಶ್ಯ ಅವರನ್ನು ಮೊದಲೇ ಸಿದ್ಧಪಡಿಸಿರುವುದರಿಂದ ಅಳು ಬಹುಬೇಗ ವಾದವಾಗಿ ಬದಲಾಗುತ್ತದೆ.

ಆ ವಾದ ನ್ಯಾಯಾಲಯದ ರೂಪ ತಾಳುತ್ತದೆ. ಜಾರ್ಜ್ ಕೊಲೆಗಾರನೇ ಅಲ್ಲವೇ? ಓಡಿಹೋಗಬಹುದಿತ್ತು ಎನ್ನುವವರಿಗೆ, ಹಿಂದಿನ ಊರಿನಿಂದ ಅವರು ಓಡಿಬಂದದ್ದೂ ಇಂಥದೇ ಕಾರಣಕ್ಕೆ ಎಂದು ಇನ್ನೊಬ್ಬರು ನೆನಪಿಸುತ್ತಾರೆ. ಪೊಲೀಸರಿಗೆ ಒಪ್ಪಿಸಬಹುದಿತ್ತು ಎನ್ನುವವರಿಗೆ ಐದನೆಯ ಅಧ್ಯಾಯದಲ್ಲಿ ಸ್ಲಿಮ್ ಉತ್ತರಿಸಿಬಿಟ್ಟಿದ್ದಾನೆ: ಕಟ್ಟಿಹಾಕಿ ಪಂಜರದಲ್ಲಿಟ್ಟರೆ ಅದೂ ಒಳ್ಳೆಯದಲ್ಲ. ಜಾರ್ಜ್ ಸುಳ್ಳು ಹೇಳಿದ್ದನ್ನು ಕೆಲವರು ಹಿಡಿಯುತ್ತಾರೆ. ಪಿಸ್ತೂಲು ಲೆನ್ನಿಯ ಬಳಿ ಇತ್ತೆಂದು ಕಾರ್ಲ್‌ಸನ್ ತಾನೇ ಊಹಿಸಿದಾಗ ಜಾರ್ಜ್ ಹೌದೆಂದುಬಿಡುತ್ತಾನೆ. ಸ್ಟೈನ್‌ಬೆಕ್ ಈ ಕೃತಿಗೆ ಮೊದಲು ಇಟ್ಟಿದ್ದ ಹೆಸರು ‘ನಡೆದುಹೋದ ಒಂದು ಸಂಗತಿ’ ಎಂಬರ್ಥದ್ದು, ಯಾರ ಮೇಲೂ ತಪ್ಪು ಹೊರಿಸದ ಹೆಸರು. ಅದನ್ನು ತಿಳಿಸಿದಾಗ ಮಕ್ಕಳು ಸಮಾಧಾನಗೊಳ್ಳುವ ಬದಲು ಲೇಖಕನ ಮೇಲೆಯೇ ಮುನಿಸಿಕೊಳ್ಳುತ್ತಾರೆ. ಆ ಮುನಿಸು ನನಗೆ ಇಷ್ಟ. ವಯಸ್ಸಿನಲ್ಲಿ ದೊಡ್ಡ ವಿದ್ಯಾರ್ಥಿಗಳಾದರೆ ಟೆಕ್ಸಾಸಿನ ಪ್ರಕರಣವನ್ನೂ ಚರ್ಚೆಗೆ ತರಬಹುದು: ಬೌದ್ಧಿಕ ವೈಕಲ್ಯವುಳ್ಳವರಲ್ಲಿ ಯಾರಿಗೆ ಮರಣದಂಡನೆಯಿಂದ ವಿನಾಯಿತಿ ಎಂದು ಚರ್ಚಿಸುತ್ತ ಅಲ್ಲಿಯ ಉಚ್ಚ ಅಪರಾಧ ನ್ಯಾಯಾಲಯ 2004ರ ತೀರ್ಪಿನಲ್ಲಿ ಲೆನ್ನಿಯ ಹೆಸರನ್ನೇ ಎತ್ತಿಕೊಂಡಿತ್ತು, ಸ್ಟೈನ್‌ಬೆಕ್‌ನ ಮಗ ಅದನ್ನು ಬಹಿರಂಗವಾಗಿ ಖಂಡಿಸಿದ, 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪಿನ ಮಾನದಂಡಗಳನ್ನು ತಳ್ಳಿಹಾಕಿತು.

ಕರ್ಲಿಯ ಹೆಂಡತಿಯ ವಿಷಯದಲ್ಲಿ ಹುಡುಗರೂ ಹುಡುಗಿಯರೂ ಬೇರೆಯಾಗುತ್ತಾರೆ. ಆಳುಗಳು ಅವಳ ಬಗ್ಗೆ ಆಡುವ ಹಗುರ ಮಾತನ್ನೇ ಅನೇಕ ಹುಡುಗರು ತಮ್ಮ ಪ್ರಬಂಧದಲ್ಲಿ ಸತ್ಯವೆಂದು ಬರೆದುಬಿಡುತ್ತಾರೆ. ಅವಳಿಗೊಂದು ಹೆಸರೂ ಇಲ್ಲವಲ್ಲ ಎಂದು ಮೊದಲು ಕೇಳುವವಳು ಸಾಮಾನ್ಯವಾಗಿ ಒಬ್ಬ ಹುಡುಗಿ. ಸಿನಿಮಾದಲ್ಲಿ ನಟಿಸಲು ಕರೆ ಬರಬೇಕಿದ್ದ ಪತ್ರವನ್ನು ತಾಯಿಯೇ ಕದ್ದಿರಬೇಕೆಂದು ಅವಳು ಲೆನ್ನಿಗೆ ಹೇಳಿಕೊಳ್ಳುವ ಭಾಗವನ್ನು ಮಕ್ಕಳು ಬೇಗ ಓದಿ ಮುಗಿಸುತ್ತಾರೆ. ಅಲ್ಲಿ ನಿಲ್ಲಿಸಿ ಮಾತನಾಡಿಸಬೇಕಾಗುತ್ತದೆ.

ಈಗ ನಾಲ್ಕನೆಯ ಅಧ್ಯಾಯ. ಕುದುರೆ ಲಾಯದ ಪಕ್ಕದ ಕೋಣೆಯಲ್ಲಿ ಕ್ರೂಕ್ಸ್ ಎಂಬ ಕಪ್ಪು ಕೂಲಿಯಾಳು ಒಬ್ಬನೇ ಇರುತ್ತಾನೆ. ಉಳಿದವರ ಬಿಡಾರಕ್ಕೆ ಅವನಿಗೆ ಪ್ರವೇಶವಿಲ್ಲ. ಅವನ ಬಳಿ ಸವೆದ ನಿಘಂಟು ಮತ್ತು 1905ರ ಕ್ಯಾಲಿಫೋರ್ನಿಯಾ ಸಿವಿಲ್ ಸಂಹಿತೆಯ ಪ್ರತಿ ಇವೆ, ಅಂದರೆ ತನ್ನ ಹಕ್ಕುಗಳೇನೆಂದು ಅವನು ಓದಿ ತಿಳಿದಿದ್ದಾನೆ. ಜಾರ್ಜ್ ಮರಳಿ ಬರದಿದ್ದರೆ ಏನು ಮಾಡುತ್ತೀ ಎಂದು ಅವನು ಲೆನ್ನಿಯನ್ನು ಕಾಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿಯೇ ಕರ್ಲಿಯ ಹೆಂಡತಿ, ನಿನ್ನನ್ನು ಮರಕ್ಕೆ ನೇತುಹಾಕಿಸುವುದು ನನಗೆ ಸುಲಭ ಎಂದು ಅವನನ್ನು ಬೆದರಿಸುತ್ತಾಳೆ. ನೊಂದವರೇ ತಮಗಿಂತ ದುರ್ಬಲರನ್ನು ನೋಯಿಸುವ ಈ ಸರಪಳಿ ಶಾಲೆಯ ಅಂಗಳವನ್ನು ಬಲ್ಲ ಮಕ್ಕಳಿಗೆ ವಿವರಿಸದೆಯೇ ಅರ್ಥವಾಗುತ್ತದೆ. ತೊಂದರೆ ಇರುವುದು ಬೇರೆಡೆ. ಕ್ರೂಕ್ಸ್‌ನನ್ನು ಕುರಿತು ಪುಸ್ತಕದುದ್ದಕ್ಕೂ ಒಂದು ಜನಾಂಗೀಯ ಬೈಗುಳ ಮತ್ತೆ ಮತ್ತೆ ಬರುತ್ತದೆ. ತರಗತಿಯಲ್ಲಿ ಒಬ್ಬನೇ ಕಪ್ಪು ಹುಡುಗನಿದ್ದರೆ, ಆ ಪದ ಬಂದಾಗಲೆಲ್ಲ ಎಲ್ಲರ ಕಣ್ಣು ಅವನತ್ತ ತಿರುಗುತ್ತದೆ, ವಿರಾಮದ ವೇಳೆಯಲ್ಲಿ ಯಾರಾದರೂ ‘ಪುಸ್ತಕದಲ್ಲಿಯೇ ಇದೆಯಲ್ಲ’ ಎಂಬ ನೆಪದಲ್ಲಿ ಅದನ್ನು ಬಳಸುತ್ತಾರೆ. ಕಪ್ಪು ವಿದ್ಯಾರ್ಥಿಗಳ ಇಂಥ ಅನುಭವಗಳನ್ನು ವೇಲ್ಸಿನ ಮಕ್ಕಳ ಆಯುಕ್ತರು ಮುಂದಿಟ್ಟಿದ್ದರು. 2025ರಲ್ಲಿ ಆರಂಭವಾದ ಅಲ್ಲಿಯ ಹೊಸ ಜಿಸಿಎಸ್‌ಇ (ಹದಿನಾರರ ಸುಮಾರಿಗೆ ಬರೆಯುವ ಶಾಲಾ ಪರೀಕ್ಷೆ) ಪಠ್ಯಕ್ರಮದಲ್ಲಿ ಈ ಕಾದಂಬರಿ ಇಲ್ಲ. ಪುಸ್ತಕವನ್ನು ಬಿಡಬೇಕೆಂಬುದು ನನ್ನ ವಾದವಲ್ಲ. ಆದರೆ ಆ ಪದವನ್ನು ಜೋರಾಗಿ ಓದುವುದಿಲ್ಲ ಎಂಬ ನಿಯಮವನ್ನು ಮೊದಲ ದಿನವೇ ಹಾಕದ ತರಗತಿಯಲ್ಲಿ ಈ ಪುಸ್ತಕವನ್ನು ಕಲಿಸಬಾರದು. ನಿಮ್ಮ ಮಗಳ ಶಾಲೆಯಲ್ಲಿ ಇದನ್ನು ಹೇಗೆ ನಿಭಾಯಿಸುತ್ತಾರೆ ಎಂದು ಪೋಷಕರ ಸಭೆಯಲ್ಲಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಇದು ಜಿಸಿಎಸ್‌ಇ ಪುಸ್ತಕವಲ್ಲವೇ, ಒಂಬತ್ತನೆಯ ವರ್ಷಕ್ಕೇಕೆ ಎಂದೂ ನಿಮಗೆ ಅನಿಸಿರಬಹುದು. ಹಿಂದೆ ಇಂಗ್ಲೆಂಡಿನ ಬಹುಪಾಲು ಜಿಸಿಎಸ್‌ಇ ವಿದ್ಯಾರ್ಥಿಗಳು ಇದನ್ನೇ ಓದುತ್ತಿದ್ದರು. 2015ರಲ್ಲಿ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಆಧುನಿಕ ಗದ್ಯ ಅಥವಾ ನಾಟಕ ಬ್ರಿಟಿಷ್ ದ್ವೀಪಗಳದ್ದೇ ಆಗಿರಬೇಕೆಂಬ ನಿಯಮ ಬಂದದ್ದರಿಂದ ಅದು ಪಟ್ಟಿಯಿಂದ ಹೊರಬಿತ್ತು. ಶಾಲೆಗಳ ಕಪಾಟಿನಲ್ಲಿ ಪ್ರತಿಗಳಿದ್ದವು, ಶಿಕ್ಷಕರಿಗೆ ಪಾಠ ಕರಗತವಾಗಿತ್ತು. ಹಾಗಾಗಿ ಎಷ್ಟೋ ಕಡೆ ಅದು ಕೆಳಗಿನ ತರಗತಿಗಳಿಗೆ ಇಳಿಯಿತು. ಪರೀಕ್ಷೆಯ ಹೊರೆ ಇಲ್ಲದೆ ಓದುವುದರಿಂದ ಮಕ್ಕಳಿಗೆ ಲಾಭವೇ ಆಗಿದೆ.

ಮನೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು. 1992ರ ಚಲನಚಿತ್ರವನ್ನು ಅವಳು ಪುಸ್ತಕ ಮುಗಿಸುವವರೆಗೆ ತೋರಿಸಬೇಡಿ. ಕೊನೆಯನ್ನು ಮುಂಚಿತವಾಗಿ ಹೇಳಿ ಮೆತ್ತಗೆ ಮಾಡುವ ಪ್ರಯತ್ನವೂ ಬೇಡ. ನಾಯಿಯ ದೃಶ್ಯವನ್ನು ಓದಿದ ದಿನ ಮಾತ್ರ ಅವಳನ್ನು ಮಾತಿಗೆ ಎಳೆಯಿರಿ, ಅವಳ ಸಿಟ್ಟು ಯಾರ ಮೇಲೆ ಎಂದು ಕೇಳಿ. ಜಾರ್ಜ್ ಮಾಡಿದ್ದು ಸರಿಯೇ ಎಂಬ ಪ್ರಬಂಧವನ್ನಂತೂ ಶಾಲೆಯಲ್ಲಿ ಕೊಟ್ಟೇ ಕೊಡುತ್ತಾರೆ. ಹೌದು ಅಥವಾ ಅಲ್ಲ ಎಂದು ತೀರ್ಪು ಕೊಡುವ ಮುನ್ನ ಅವಳು ಕೊನೆಯ ಪುಟದ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ: ನೀನು ಮಾಡಲೇಬೇಕಿತ್ತು ಎಂದು ಜಾರ್ಜ್‌ನಿಗೆ ಸ್ಲಿಮ್ ಹೇಳುವುದು, ಮತ್ತು ಆ ಇಬ್ಬರೂ ಹೊರಟುಹೋಗುವುದನ್ನು ನೋಡುತ್ತ ಅವರಿಗೇನಾಗಿದೆಯೋ ಎಂದು ಕಾರ್ಲ್‌ಸನ್ ಕೇಳುವುದು.