ಸಂಪಾದಕರ ಉತ್ತರ: ಕಾರಿನ ಹಿಂದೆ ಕೂತುಬಿಟ್ಟೆ ಅಂತ ಬರೆದವರಿಗೆ

ಟೆಕ್ಸಾಸ್‌ನ ಡಲ್ಲಾಸ್ ಹತ್ತಿರದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ. ಪತ್ರ ನಾಲ್ಕು ಪುಟ. ಸಾರ ಇಷ್ಟು: ಶನಿವಾರ ಸಂಜೆ ದಿನಸಿ ತಂದು ಕಾರಿಗೆ ತುಂಬುತ್ತಿದ್ದರು. ಪಕ್ಕದ ಸಾಲಿನಲ್ಲಿ ಪಾರ್ಕಿಂಗ್ ಜಾಗಕ್ಕೆ ಇಬ್ಬರು ಜಗಳ ತೆಗೆದರು. ಒಬ್ಬ ಅಂಗಿ ಎತ್ತಿ ಸೊಂಟದ ಪಿಸ್ತೂಲು ತೋರಿಸಿದ. ಇನ್ನೊಬ್ಬ ಹಿಂದೆ ಸರಿಯಲಿಲ್ಲ. ಎರಡು ಗುಂಡು ಹಾರಿದವು, ಒಂದು ತೊಡೆಗೆ ಬಿತ್ತು. ಇವರು ಮೊಸರಿನ ಡಬ್ಬಿ ಹಿಡಿದುಕೊಂಡೇ ಕಾರಿನ ಹಿಂದೆ ಕೂತುಬಿಟ್ಟರು. ಫೋನ್ ತೆಗೆದರೆ ಪಾಸ್‌ವರ್ಡ್ ನೆನಪಾಗಲಿಲ್ಲ. ಬೇರೆ ಯಾರೋ ಹೆಂಗಸು ಓಡಿಬಂದು ಗಾಯಕ್ಕೆ ಟವೆಲ್ ಒತ್ತಿ ಹಿಡಿದರು. ಆ ಮನುಷ್ಯ ಉಳಿದುಕೊಂಡ. "ನಾನು ಏನೂ ಮಾಡಲಿಲ್ಲ. ನಾನು ಹೇಡಿಯಾ ಸರ್?" ಅನ್ನುವುದು ಅವರ ಪ್ರಶ್ನೆ. ಇನ್ನೊಂದೂ ಇದೆ. ಅವರ ಮನೆಯವರು ಕೊಡಗಿನವರು. "ಅಜ್ಜನ ಕಾಲದಿಂದ ನಮ್ಮನೇಲಿ ಕೋವಿ ಇದೆ. ಇಲ್ಲೂ ಒಂದು ಪಿಸ್ತೂಲು ತಗೊಳ್ಳೋಣ" ಅನ್ನುತ್ತಿದ್ದಾರಂತೆ.

ಅಮ್ಮಾ, ನೀವು ಹೇಡಿಯಲ್ಲ.

ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನಿಮ್ಮದೇ ರಾಜ್ಯದ ಉವಾಲ್ಡೆ ಊರು ನೆನಪಿದೆ ಅಲ್ವಾ? 2022ರ ಮೇ 24ರಂದು 18 ವರ್ಷದ ಹುಡುಗನೊಬ್ಬ ಅಲ್ಲಿನ ರಾಬ್ ಪ್ರಾಥಮಿಕ ಶಾಲೆಗೆ ರೈಫಲ್ ಹಿಡಿದು ನುಗ್ಗಿದ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅವತ್ತು ಅಲ್ಲಿಗೆ ಬಂದ ಪೊಲೀಸರು, ಅಧಿಕಾರಿಗಳು ಒಟ್ಟು 376 ಮಂದಿ. ಕೈಯಲ್ಲಿ ಬಂದೂಕು, ಮೈಮೇಲೆ ಗುಂಡು ತಡೆಯುವ ಕವಚ. ಆದರೂ ಅವನು ಒಳಗೆ ಹೋದಾಗಿನಿಂದ ಅವನನ್ನು ಹೊಡೆದುರುಳಿಸುವವರೆಗೆ 77 ನಿಮಿಷ ಹಿಡಿಯಿತು. ಕಾರಿಡಾರ್‌ನ ಕ್ಯಾಮೆರಾ ದೃಶ್ಯ ಆಮೇಲೆ ಹೊರಬಂತು. ಅದರಲ್ಲಿ ಒಬ್ಬ ಅಧಿಕಾರಿ ಗೋಡೆಯಲ್ಲಿದ್ದ ಸ್ಯಾನಿಟೈಸರ್ ತಗೊಂಡು ಕೈ ಉಜ್ಜಿಕೊಳ್ಳುತ್ತಾನೆ. ಹೊರಗೆ ಅಪ್ಪ ಅಮ್ಮಂದಿರು ಒಳಗೆ ಬಿಡಿ ಅಂತ ಕಿರುಚುತ್ತಿದ್ದರು. ಪೊಲೀಸರು ಅವರನ್ನು ತಡೆದು ನಿಲ್ಲಿಸಿದ್ದರು. ನುಗ್ಗುವುದು ಆ ಪೊಲೀಸರ ಕೆಲಸ, ಅದಕ್ಕೇ ಅವರಿಗೆ ಸಂಬಳ. ಮೊಸರು ತರಲು ಹೋದ ನಿಮ್ಮನ್ನು ನೀವು ಅವರಿಗಿಂತ ಜಾಸ್ತಿ ಬೈದುಕೊಳ್ಳುತ್ತಿದ್ದೀರಿ.

ನಾನೂ ಒಮ್ಮೆ ಹಾಗೆ ನಿಂತವನೇ. ಬಹಳ ವರ್ಷದ ಹಿಂದೆ ತುಮಕೂರು ರಸ್ತೆಯಲ್ಲಿ ಸ್ಕೂಟರ್‌ನವನೊಬ್ಬ ಬಿದ್ದಿದ್ದ. ಸುತ್ತ ಇಪ್ಪತ್ತು ಜನ, ಅದರಲ್ಲಿ ನಾನೊಬ್ಬ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಪೊಲೀಸ್ ಸ್ಟೇಷನ್, ಸಾಕ್ಷಿ, ಕೋರ್ಟು ಅಲೆದಾಟ. ನೆರವಾದವರನ್ನು ಸತಾಯಿಸಬಾರದು ಅಂತ ಕರ್ನಾಟಕದಲ್ಲಿ ಆಮೇಲೆ ಕಾನೂನೇ ಬಂತು. ನನ್ನ ಭಯಕ್ಕೆ ಕಾನೂನಿನಲ್ಲಿ ಮದ್ದಿತ್ತು. ನಿಮ್ಮದು ಗುಂಡಿನ ಭಯ.

ಎದ್ದು ನುಗ್ಗಿದವರೂ ಇದ್ದಾರೆ. 2017ರ ಫೆಬ್ರುವರಿಯಲ್ಲಿ ಕ್ಯಾನ್ಸಸ್‌ನ ಒಲೇಥಾದ ಬಾರೊಂದರಲ್ಲಿ ನಮ್ಮ ದೇಶದ ಇಬ್ಬರು ಇಂಜಿನಿಯರ್‌ಗಳ ಮೇಲೆ ಒಬ್ಬ ಗುಂಡು ಹಾರಿಸಿದ. ಹೈದರಾಬಾದ್ ಕಡೆಯವರೊಬ್ಬರು ಸತ್ತರು. ಅಲ್ಲಿದ್ದ 24 ವರ್ಷದ ಅಮೆರಿಕನ್ ಹುಡುಗ ಮೇಜಿನ ಕೆಳಗೆ ಕೂತು ಗುಂಡು ಎಣಿಸುತ್ತಿದ್ದ. ಒಂಬತ್ತಾಯಿತು, ಖಾಲಿಯಾಗಿದೆ ಅಂದುಕೊಂಡು ಎದ್ದು ಬೆನ್ನಟ್ಟಿದ. ಖಾಲಿಯಾಗಿರಲಿಲ್ಲ. ಗುಂಡು ಅವನ ಕೈ ತೂರಿ ಎದೆಗೆ ಹೊಕ್ಕಿತು. ಪುಣ್ಯಕ್ಕೆ ಬದುಕಿದ. ಹ್ಯೂಸ್ಟನ್‌ನ ಭಾರತೀಯರು ಅವನಿಗೆ ಮನೆ ಕೊಳ್ಳಲು ಒಂದು ಲಕ್ಷ ಡಾಲರ್ ಕೂಡಿಸಿ ಕೊಟ್ಟರು. ಅವನೂ ಮೊದಲು ಮೇಜಿನ ಕೆಳಗೇ ಕೂತಿದ್ದ ಅನ್ನುವುದನ್ನು ಮಾತ್ರ ಯಾರೂ ನೆನಪಿಡುವುದಿಲ್ಲ.

ಅಂಗಿ ಎತ್ತಿದವನ ಹತ್ತಿರ ಲೈಸೆನ್ಸ್ ಇತ್ತೋ ಇಲ್ಲವೋ ಅಂತ ಕೇಳಿದ್ದೀರಿ. ನಿಮ್ಮ ರಾಜ್ಯದಲ್ಲಿ 2021ರ ಸೆಪ್ಟೆಂಬರ್‌ನಿಂದ 21 ತುಂಬಿದವರು, ಕಾನೂನಿನ ಬೇರೆ ಅಡ್ಡಿ ಇಲ್ಲದಿದ್ದರೆ, ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆಯ 2018ರ ಅಂದಾಜಿನಂತೆ ಅಮೆರಿಕದಲ್ಲಿ ಜನರ ಕೈಯಲ್ಲಿರುವ ಬಂದೂಕುಗಳು 39 ಕೋಟಿ ದಾಟುತ್ತವೆ, ಅಂದರೆ 100 ಜನಕ್ಕೆ 120. ಇಷ್ಟೆಲ್ಲ ಹಂಚಿ ಆದ ಮೇಲೆ, ಪಾರ್ಕಿಂಗ್‌ನಲ್ಲಿ ಡಬ್ಬಿ ಹಿಡಿದು ನಿಂತವರು ಧೈರ್ಯ ತೋರಿಸಬೇಕಿತ್ತು ಅನ್ನುವುದು ಯಾವ ನ್ಯಾಯ? ನನಗಂತೂ ಸಿಟ್ಟು ಬರುತ್ತದೆ.

ಇನ್ನು ಪಿಸ್ತೂಲಿನ ವಿಷಯ. "ಕೆಟ್ಟವನ ಬಂದೂಕಿಗೆ ಒಳ್ಳೆಯವನ ಬಂದೂಕೇ ಉತ್ತರ" ಅನ್ನುವ ಮಾತು ನೀವೂ ಕೇಳಿರುತ್ತೀರಿ. ಒಮ್ಮೊಮ್ಮೆ ಅದು ನಿಜವೂ ಆಗಿದೆ. 2022ರ ಜುಲೈನಲ್ಲಿ ಇಂಡಿಯಾನಾದ ಮಾಲ್ ಒಂದರಲ್ಲಿ 22 ವರ್ಷದ ಹುಡುಗ ಕೊಲೆಗಾರನನ್ನು ಕೆಲವೇ ಸೆಕೆಂಡುಗಳಲ್ಲಿ ಹೊಡೆದುರುಳಿಸಿದ. ಅದಕ್ಕೆ ಒಂದು ವರ್ಷ ಮೊದಲು ಕೊಲರಾಡೊದ ಅರ್ವಾಡಾದಲ್ಲಿ ಇನ್ನೊಬ್ಬ ಹೀಗೇ ಕೊಲೆಗಾರನನ್ನು ಹೊಡೆದ. ಅಷ್ಟರಲ್ಲಿ ಬಂದ ಪೊಲೀಸ್ ಇವನೇ ಕೊಲೆಗಾರ ಅಂದುಕೊಂಡು ಇವನನ್ನೇ ಕೊಂದ. ಆ ಪಾರ್ಕಿಂಗ್‌ನಲ್ಲಿ ನಿಮ್ಮ ಮನೆಯವರು ಪಿಸ್ತೂಲು ಹಿಡಿದು ನಿಂತಿದ್ದರೆ ಪೊಲೀಸರ ಕಣ್ಣಿಗೆ ಯಾರಾಗಿ ಕಾಣುತ್ತಿದ್ದರು?

ಅವರ ಅಜ್ಜನ ಕೋವಿಯ ಬಗ್ಗೆ ನನಗೆ ಗೌರವವೇ ಇದೆ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ನಾನು ನೋಡಿದ್ದೇನೆ. ಒರೆಸಿ ಎಣ್ಣೆ ಹಚ್ಚಿದ ಕೋವಿಯನ್ನು ದೇವರ ಕೋಣೆಯಲ್ಲಿಟ್ಟು, ನಳಿಕೆಗೆ ಕೆಂಪು ಹಳದಿಯ ತೋಕ್‌ಪೂ, ಅಂದರೆ ಕೋವಿ ಹೂ, ಸಿಕ್ಕಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಅದನ್ನು ಕೇಳಿ ಇಡೀ ಊರಿಗೆ ಸುದ್ದಿ ತಿಳಿಯುತ್ತದೆ. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನು ಇರುವವರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಜಗಳದಲ್ಲಿ ಕೋವಿ ಎತ್ತಿದ ಸುದ್ದಿ ಅಲ್ಲಿಂದಲೂ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ತೋಟಕ್ಕೆ ನುಗ್ಗುವ ಹಂದಿಗೆ ಇಟ್ಟುಕೊಂಡದ್ದು, ಹಬ್ಬಕ್ಕೆ ಹೊರತೆಗೆಯುವುದು. ಸೊಂಟಕ್ಕೆ ಸಿಕ್ಕಿಸಿ ಮೊಸರು ತರಲು ಹೋಗುವಂಥದ್ದಲ್ಲ. ಪಿಸ್ತೂಲನ್ನು ಮಂಚದ ಪಕ್ಕದ ಡ್ರಾಯರ್‌ನಲ್ಲಿ ಇಡುತ್ತಾರೆ.

ಆ ಡ್ರಾಯರ್ ಬಗ್ಗೆಯೇ ನನಗೆ ಹೆದರಿಕೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, 26,328 ಮಂದಿ, ತಮ್ಮನ್ನು ತಾವೇ ಕೊಂದುಕೊಂಡವರು. ನಿಮಗೆ ಹದಿನಾಲ್ಕರ ಮಗನಿದ್ದಾನೆ ಅಂತ ಬರೆದಿದ್ದೀರಿ. ಪಿಸ್ತೂಲು ತರುವ ಮೊದಲು ಗಂಡ ಹೆಂಡತಿ ಕೂತು ಅವನ ಬಗ್ಗೆ ಮಾತಾಡಿ.

ಏನಾದರೂ ಮಾಡಲೇಬೇಕು ಅನ್ನಿಸುತ್ತಿದ್ದರೆ ಆ ಟವೆಲ್ ಹಿಡಿದ ಹೆಂಗಸಿನ ವಿದ್ಯೆ ಕಲಿಯಿರಿ. 'ಸ್ಟಾಪ್ ದ ಬ್ಲೀಡ್' ಅಂತ 2015ರಿಂದ ಅಲ್ಲಿ ತರಬೇತಿ ನಡೆಯುತ್ತಿದೆ. ಗಾಯ ಒತ್ತುವುದು, ಬಟ್ಟೆ ತುರುಕುವುದು, ಕೈಕಾಲಿಗೆ ಪಟ್ಟಿ ಬಿಗಿಯುವುದು, ಇಷ್ಟೇ. ಹಾಗೇ, ಫೋನ್ ಲಾಕ್ ಆಗಿದ್ದರೂ ಅಲ್ಲಿನ ತುರ್ತು ನಂಬರ್ 911ಕ್ಕೆ ಕರೆ ಹೋಗುತ್ತದೆ. ಪಾಸ್‌ವರ್ಡ್ ಬೇಡ.

ಮೂರನೇ ಪುಟದಲ್ಲಿ, ಬೇರೇನೋ ಹೇಳುವ ಮಧ್ಯೆ, ಓಡಿಹೋದ ಕಾರಿನ ಬಣ್ಣ ಮತ್ತು ನಂಬರಿನ ಕೊನೆಯ ಎರಡು ಅಂಕಿ ಪೊಲೀಸರಿಗೆ ಹೇಳಿದೆ ಅಂತ ಬರೆದಿದ್ದೀರಿ. ನಾಲ್ಕನೇ ಪುಟದಲ್ಲಿ ಮತ್ತೆ "ನಾನು ಏನೂ ಮಾಡಲಿಲ್ಲ" ಅಂತಿದೆ. ಆ ಸಾಲು ಹೊಡೆದುಹಾಕಿದ್ದೇನೆ, ಸಂಪಾದಕನಿಗೆ ಅಷ್ಟು ಅಧಿಕಾರ ಇದೆ.

ಇದನ್ನು ನಿಮ್ಮ ಮನೆಯವರಿಗೂ ಓದಲು ಕೊಡಿ. ಒಪ್ಪದಿದ್ದರೆ ಅವರೇ ಬರೆಯಲಿ, ಅದನ್ನೂ ಹಾಕುತ್ತೇವೆ.

- ಸಂಪಾದಕ