ಸಂಪಿನ ಗುಂಡಿಯಲ್ಲಿ ಆವಿಗೆಯ ಕುರುಹು

ಪ್ರಶ್ನೆ: ಬೆಂಗಳೂರಿನ ಕುಂಬಾರಪೇಟೆ ಹತ್ತಿರ ನಮ್ಮ ಹಳೇ ಮನೆ ಹಿತ್ತಲಲ್ಲಿ ಸಂಪು ಕಟ್ಟಲು ಅಗೆಸುವಾಗ 4 ಅಡಿ ಆಳದಲ್ಲಿ ಬೂದಿ, ಕೆಂಪು ಮಣ್ಣಿನ ಪದರ, ರಾಶಿ ಮಡಕೆ ಚೂರು ಸಿಕ್ಕಿವೆ. ಇಲ್ಲಿ ಕುಂಬಾರರ ಆವಿಗೆ (ಮಡಕೆ ಸುಡುವ ಜಾಗ) ಇತ್ತೇ? ಚೂರುಗಳ ಒಳಗೆ ಕಪ್ಪಗಿರುವುದೇಕೆ?

ಉತ್ತರ: ಚೂರಿನ ರಾಶಿಯೊಂದರಿಂದಲೇ ಹೇಳಲಾಗದು. ಪೇಟೆಯ ಹಳೇ ಹಿತ್ತಲುಗಳಲ್ಲಿ ಮಡಕೆ ಚೂರು ಸಿಗುವುದೇನೂ ದೊಡ್ಡದಲ್ಲ. ಮೊದಲು ತಳದ ಚೂರುಗಳನ್ನು ಆರಿಸಿ. ಹೊರಮೈಗೆ ಮಸಿ ಹಿಡಿದಿದ್ದರೆ ಅದು ಒಲೆಯ ಮೇಲೆ ಕೂತ ಮಡಕೆ, ಅಂದರೆ ಅಡುಗೆಮನೆಯ ಕಸ. ಮಸಿಯೇ ಇಲ್ಲದೆ ಸೊಟ್ಟಗಾಗಿದ್ದರೆ, ಮೈ ಗುಳ್ಳೆ ಎದ್ದಿದ್ದರೆ, ಎರಡು ಮಡಕೆಯ ಕಂಠ ಕರಗಿ ಒಂದಕ್ಕೊಂದು ಅಂಟಿದ್ದರೆ, ಅದು ಸುಡುವಾಗಲೇ ಕೆಟ್ಟ ಮಾಲು. ಅಂಥದ್ದನ್ನು ಯಾರೂ ಕೊಳ್ಳುವುದಿಲ್ಲ. ಸುಟ್ಟ ಜಾಗದ ಹತ್ತಿರವೇ ಬಿದ್ದಿರುತ್ತದೆ. ಹತ್ತಿರ ಎಂದೆವು, ಅಲ್ಲೇ ಎನ್ನಲಿಲ್ಲ: ಗುಂಡಿ ತುಂಬಿಸಲು, ನೆಲ ಗಟ್ಟಿಮಾಡಲು ಅದು ಪಕ್ಕದ ಬೀದಿಗೂ ಹೋಗಿರಬಹುದು. ಹಾಗಾಗಿ ನೆಲವನ್ನೂ ಕೇಳಬೇಕು.

ಗುಂಡಿಯ ಗೋಡೆಯನ್ನು ಕರಣೆಯಿಂದ ನೇರವಾಗಿ ಕೆರೆದು, ನೀರು ಚಿಮುಕಿಸಿ ನೋಡಿ. ಬೂದಿಯ ಕೆಳಗಿನ ಕೆಂಪು ಇಳಿಯುತ್ತಾ ಮೆಲ್ಲಗೆ ಮಾಸಿದರೆ ನೆಲ ಅಲ್ಲೇ ಬೆಂದಿದೆ. ಕೆಂಪು ಹೆಂಟೆಗಳು ಬಿಡಿಬಿಡಿಯಾಗಿ ಕಲಸಿದ್ದರೆ ಬೇರೆಡೆಯಿಂದ ತಂದು ಸುರಿದದ್ದು. ಬೆಂಗಳೂರಿನ ಮಣ್ಣೇ ಕೆಂಪಾದ್ದರಿಂದ ಬಣ್ಣವನ್ನು ಪೂರ್ತಿ ನಂಬಬೇಡಿ. ಒಂದು ಹೆಂಟೆಯನ್ನು ಚೆನ್ನಾಗಿ ಒಣಗಿಸಿ, ರಾತ್ರಿಯಿಡೀ ನೀರಿನ ಲೋಟದಲ್ಲಿಡಿ. ಹಸಿ ಮಣ್ಣಾದರೆ ಬೆಳಿಗ್ಗೆ ಕೆಸರು. ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಕಂಡದ್ದಾದರೆ ಕರಗುವುದಿಲ್ಲ.

ಇಟ್ಟಿಗೆ ಗೋಡೆಯನ್ನು ಹುಡುಕಬೇಡಿ. ಸಣ್ಣ ಕುಂಬಾರರು ಮಡಕೆ ಪೇರಿಸಿ, ಬೆರಣಿ, ಹುಲ್ಲು ಮುಚ್ಚಿ, ಮೇಲೆ ಒಡೆದ ಚೂರು, ಮಣ್ಣು ಹಾಕಿ ಸುಡುವುದುಂಟು. ಉಳಿಯುವುದು ತೆಳು ಬೂದಿ, ಕೆಂಪು ನೆಲ, ಮತ್ತೆ ಬೂದಿ. ತೂಕದ, ತುಕ್ಕು ಬಣ್ಣದ ಕಿಟ್ಟ (ಕಬ್ಬಿಣ ಕಾಯಿಸುವಾಗ ಉಳಿಯುವ ಕಸ) ಸಿಕ್ಕರೆ ಕಮ್ಮಾರನನ್ನು ನೆನೆಯಿರಿ.

ಚೂರಿನ ನಡುವಿನ ಕಪ್ಪು ಇಂಗಾಲ. ಕೆರೆ ಮಣ್ಣಿನ ಬೇರು, ಕಸ ಪೂರ್ತಿ ಉರಿಯುವ ಮೊದಲೇ ಬೆಂಕಿ ಇಳಿದಿದೆ. ಕಾಳಿನಷ್ಟು ಕುಳಿಯೊಳಗೆ ಬಿಳಿ ಚುಕ್ಕೆ ಕಂಡರೆ ಅದು ಸುಣ್ಣಕಲ್ಲು: ಬೆಂಕಿಯಲ್ಲಿ ಸುಟ್ಟಸುಣ್ಣವಾಗಿ, ಆಮೇಲೆ ತೇವ ಹೀರಿ ಉಬ್ಬಿ, ಮೇಲಿನ ಮಣ್ಣನ್ನು ಹಾರಿಸಿರುತ್ತದೆ.

ಸದ್ಯ ಅಗೆತ ನಿಲ್ಲಿಸಿ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಆಳ ಬರೆದು ಪದರಕ್ಕೊಂದು ಚೀಲ ಮಾಡಿ. ಎಲ್ಲವನ್ನೂ ತೊಳೆದು ಬಿಸಿಲಿಗೆ ಹರವಬೇಡಿ: ಮಡಕೆ ಕೊನೆಯ ಬಾರಿ ಸುಟ್ಟದ್ದು ಯಾವಾಗ ಎಂದು ಲ್ಯಾಬಿನಲ್ಲಿ ಅಳೆಯಲು, ಬೆಳಕು ತಾಗದ ದಪ್ಪ ಚೂರೂ ಅದರ ಸುತ್ತಲ ಮಣ್ಣೂ ಬೇಕು.