44ಕ್ಕೆ ಮುಖಕ್ಕೆ ಏನು ಹಚ್ಚಲಿ ಅಂತ ಕೇಳಿದ್ದೀರಿ, ಮೊದಲು ನನ್ನ ಬಲಗೈ ನೋಡಿ

ಮುಳಬಾಗಿಲಿನವರು, ವಯಸ್ಸು 44, ಕಣ್ಣಿನ ಪಕ್ಕ ಗೆರೆ, ಕೆನ್ನೆ ಮೇಲೆ ಬಂಗು. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ ಎಲ್ಲ ಆಯಿತು, ಇನ್ನೇನು ಹಚ್ಚಲಿ ಅಂತ ಕೇಳಿದ್ದೀರಿ. ಗೂಡ್ಸ್ ಗಾಡಿ ಓಡಿಸುವ ಗಂಡಸು ಇದಕ್ಕೆ ಉತ್ತರ ಬರೆಯುತ್ತಿದ್ದಾನೆ ಅಂತ ನಗಬೇಡಿ.

ನನಗೆ 51. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ತುಂಬಿಕೊಂಡು ಹೊರಡುವುದು 22 ವರ್ಷದ ಕೆಲಸ. ಬಲಗೈ ಯಾವಾಗಲೂ ಕಿಟಕಿ ಮೇಲೆ. ಎರಡೂ ಕೈ ಪಕ್ಕಪಕ್ಕ ಇಟ್ಟರೆ ಅಣ್ಣ ತಮ್ಮಂದಿರ ಕೈ ಇದ್ದ ಹಾಗಿವೆ. ಬಲಗೈ ಮೇಲೆ ಕಂದು ಚುಕ್ಕೆ, ಚರ್ಮ ಹಳೇ ಚೀಲದಂತೆ ಸುಕ್ಕು. ಅದೇ ಕೈ ತಿರುಗಿಸಿ ತೋಳಿನ ಒಳಭಾಗ ನೋಡಿದರೆ ನುಣ್ಣಗೆ ಇದೆ. ಎರಡಕ್ಕೂ ವಯಸ್ಸು 51ಏ ಅಲ್ವಾ? ನೀವೂ ನಿಮ್ಮ ತೋಳು ತಿರುಗಿಸಿ ನೋಡಿ. ಒಳಗಡೆ ಕಾಣುವುದು ವಯಸ್ಸು. ಹೊರಗಡೆ ಜಾಸ್ತಿ ಕಾಣುವುದು ಬಿಸಿಲು.

ಇದನ್ನು ಹೇಳಿಕೊಟ್ಟಿದ್ದು ಚರ್ಮದ ಡಾಕ್ಟರು. ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಅವರು ನನ್ನ ಮುಖ ನೋಡಿ "ಡ್ರೈವರಾ?" ಅಂದರು. ಮುಂದಿನ ಗಾಜು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಎ ಅನ್ನುವ ಕಿರಣವನ್ನು ಬಹುಪಾಲು ತಡೆಯುತ್ತದಂತೆ. ಪಕ್ಕದ ಗಾಜು ಏರಿಸಿದರೂ ಸಾಕಷ್ಟು ಒಳಗೆ ಬರುತ್ತದೆ. ಸುಕ್ಕು ತರುವುದರಲ್ಲಿ ಆ ಕಿರಣದ್ದೇ ದೊಡ್ಡ ಪಾಲು. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 28 ವರ್ಷ ಲಾರಿ ಓಡಿಸಿದವರೊಬ್ಬರ ಫೋಟೊ ಬಂದಿತ್ತು. ಅವರ ಎಡ ಕೆನ್ನೆ ಮಾತ್ರ ಜೋತುಬಿದ್ದಿತ್ತು, ಅಲ್ಲಿ ಸ್ಟೇರಿಂಗ್ ಎಡಕ್ಕೆ.

ನಮ್ಮ ಕಡೆ ಒಂದು ಮೋಸ ಇದೆ. ಕೋಲಾರ ಎತ್ತರದ ಊರು, ಗಾಳಿ ತಣ್ಣಗಿರುತ್ತದೆ. ಸೆಕೆ ಇಲ್ಲ ಅಂದ್ರೆ ಬಿಸಿಲೂ ಇಲ್ಲ ಅಂದುಕೊಳ್ಳುತ್ತೇವೆ. ಮೋಡ ಇದ್ದರೂ ಆ ಕಿರಣ ಇಳಿಯುತ್ತದೆ.

ಹಾಗಾಗಿ ಮೊದಲು ಸನ್‌ಸ್ಕ್ರೀನ್. ಟ್ಯೂಬ್ ಮೇಲೆ ಎಸ್‌ಪಿಎಫ್ 30 ಅಂತ ಇದ್ದರೆ ಸಾಕು, ಅದು ಚರ್ಮ ಸುಡುವ ಯುವಿಬಿ ಕಿರಣವನ್ನು ಸುಮಾರು ಶೇ 97ರಷ್ಟು ತಡೆಯುತ್ತದೆ. 50 ಕೊಂಡರೆ ಶೇ 98, ಅಷ್ಟೇ ವ್ಯತ್ಯಾಸ. ಯುವಿಎಗೆ ಪಿಎ ಅಂತ ಬರೆದು ಪಕ್ಕದಲ್ಲಿ ಪ್ಲಸ್ ಗುರುತು ಮೂರು ನಾಲ್ಕು ಇದೆಯಾ ನೋಡಿ. ನಿಮಗೆ ಬಂಗು ಇರುವುದರಿಂದ ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ಕೇಳಿ. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕೆದಕುತ್ತದೆ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು. 50 ಗ್ರಾಂ ಟ್ಯೂಬ್ ಮೂರು ತಿಂಗಳು ಬಂತು ಅಂದ್ರೆ ನೀವು ಅದನ್ನು ಮುಖಕ್ಕೆ ಸುಮ್ನೆ ತೋರಿಸಿದ್ದೀರಿ ಅಷ್ಟೇ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಈಗ ಹೆಂಡತಿ ಕಥೆ. ಇದಕ್ಕೇ ಬರೆಯಲು ಕೂತೆ. ಅವಳಿಗೂ ಬಂಗು ಬಂದಿತ್ತು. ಮೆಡಿಕಲ್ ಸ್ಟೋರಿನವನೊಬ್ಬ ಡಾಕ್ಟರ ಚೀಟಿ ಇಲ್ಲದೆ ಒಂದು ಟ್ಯೂಬ್ ಕೊಟ್ಟ. ಹದಿನೈದೇ ದಿನದಲ್ಲಿ ಮುಖ ಬೆಳ್ಳಗಾಯಿತು. ಪಕ್ಕದ ಮನೆಯವರೂ ಹೆಸರು ಬರೆಸಿಕೊಂಡು ಹೋದರು. ಐದು ತಿಂಗಳಿಗೆ ಕೆನ್ನೆ ಕೆಂಪಾಗಿ, ಕೆಂಪು ನರ ಎಳೆಎಳೆಯಾಗಿ ಕಂಡವು. ಒಲೆ ಮುಂದೆ ನಿಂತರೆ ಉರಿ. ಬಿಟ್ಟರೆ ಇನ್ನೂ ಉರಿ. ಅದರಲ್ಲಿ ಇದ್ದದ್ದು ಸ್ಟೆರಾಯ್ಡ್. ಸರಿಹೋಗಲು ವರ್ಷದ ಮೇಲಾಯಿತು. ನಿಮ್ಮ ಮನೆಯಲ್ಲಿರುವ ಟ್ಯೂಬಿನ ಹಿಂದೆ ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಅಂತ ಇದ್ದರೆ ಬೆಳ್ಳಗಾಗಲು ಅಂತ ಮುಖಕ್ಕೆ ಹಚ್ಚಬೇಡಿ. 2018ರಿಂದ ಇಂಥವನ್ನು ಚೀಟಿ ಇಲ್ಲದೆ ಮಾರುವ ಹಾಗೂ ಇಲ್ಲ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಥಟ್ಟನೆ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಹೋಗಿ.

ನಿಂಬೆಹಣ್ಣು ತಿಕ್ಕಿ ಬಿಸಿಲಿಗೆ ಹೋಗಬೇಡಿ, ಸುಟ್ಟು ಕಪ್ಪಾಗುತ್ತದೆ. ಟೊಮೆಟೊ? 22 ವರ್ಷ ಅದರ ಜೊತೆಯೇ ಇದ್ದೇನೆ, ಅದು ಸಾರಿಗೆ ಚೆನ್ನ.

ಬೋರ್‌ವೆಲ್ ನೀರು ಗಡುಸು. ಬಕೆಟ್ಟಿಗೆ ಬಿಳಿ ಪದರ ಕಟ್ಟುವುದು ನೋಡಿರುತ್ತೀರಿ. ಸೋಪಿನ ಜೊತೆ ಸೇರಿ ಅದು ಚರ್ಮ ಒಣಗಿಸುತ್ತದೆ. ಸೋಪು ಕಮ್ಮಿ ಮಾಡಿ. ಹಂಡೆಯ ಕುದಿನೀರು ಬೇಡ, ಉಗುರುಬೆಚ್ಚಗೆ ಸಾಕು. ಸ್ನಾನ ಆದ ತಕ್ಷಣ, ಮೈ ಇನ್ನೂ ತೇವ ಇರುವಾಗಲೇ ಕೈಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಮುಖಕ್ಕೆ ಎಣ್ಣೆ ಬದಲು ಸಾದಾ ಮಾಯಿಶ್ಚರೈಸರ್ ವಾಸಿ. ಮುಟ್ಟು ನಿಂತ ಮೇಲೆ ಇದು ಇನ್ನೂ ಮುಖ್ಯ. ಮೊದಲ ಐದು ವರ್ಷದಲ್ಲೇ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಸುಮಾರು ಶೇ 30ರಷ್ಟು ಇಳಿಯುತ್ತದೆ ಎಂದು ಡಾಕ್ಟರು ಹೇಳಿದರು.

ಗೆರೆಗೆ ನಿಜವಾಗಿ ಕೆಲಸ ಮಾಡುವುದು ರೆಟಿನಾಯ್ಡ್, ಅಂದ್ರೆ ವಿಟಮಿನ್ ಎ ಜಾತಿಯ ಕ್ರೀಮು. ರಾತ್ರಿ ಮಾತ್ರ, ಬಟಾಣಿಯಷ್ಟು, ಮೊದಲು ವಾರಕ್ಕೆ ಎರಡೇ ಸಲ. ಶುರುವಿನಲ್ಲಿ ಸಿಪ್ಪೆ ಏಳುತ್ತದೆ, ಗಾಬರಿ ಬೇಡ. ಫಲ ಕಾಣಲು ತಿಂಗಳುಗಳೇ ಬೇಕು. ಗರ್ಭಿಣಿಯರು ಮುಟ್ಟಬಾರದು. ಇದನ್ನೂ ಡಾಕ್ಟರು ಬರೆದುಕೊಟ್ಟ ಮೇಲೆಯೇ ತಗೊಳ್ಳಿ.

ಹೆಂಡತಿಯ ಬಂಗು ಪೂರ್ತಿ ಹೋಗಿಲ್ಲ, ಯುಗಾದಿ ಹತ್ತಿರ ಬಂದು ಬಿಸಿಲು ಏರಿದರೆ ಮತ್ತೆ ಸ್ವಲ್ಪ ಕಾಣಿಸಿಕೊಳ್ಳುತ್ತದೆ. ಈಗ ಮಹಡಿ ಮೇಲೆ ಬಟ್ಟೆ ಒಣಗಿಸಲು ಹೋಗುವಾಗಲೂ ಹಚ್ಚಿಕೊಂಡೇ ಹೋಗುತ್ತಾಳೆ. ನಾನು ಟೋಲ್ ಸಾಲಿನಲ್ಲಿ ನಿಂತಾಗ ಬಲಗೈಗೆ ಹಚ್ಚುತ್ತೇನೆ. ಕ್ಲೀನರ್ ಹುಡುಗ ನಗುತ್ತಾನೆ. ಅವನಿಗಿನ್ನೂ 23.